ಉಪವಾಸದ ಮೀನಿಗೆ ಗಾಳ

ಸ್ಕಾಟ್ಲೆಂಡಿನ ಸ್ಪೇ ನದಿಯಲ್ಲಿ ಗಾಳ ಹಿಡಿದು ದಿನವಿಡೀ ನಿಂತರೂ ಒಂದೂ ಸಾಲ್ಮನ್ ಸಿಗಲಿಲ್ಲ, ಕಣ್ಣೆದುರೇ ನೆಗೆಯುತ್ತಿದ್ದ ಮೀನು ಫ್ಲೈ (ಗಾಳಕ್ಕೆ ಕಟ್ಟುವ ನಕಲಿ ಹುಳು) ಕಡೆ ತಿರುಗಿಯೂ ನೋಡಲಿಲ್ಲ ಅಂತ ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬೇಸರಪಟ್ಟಿದ್ದಾರೆ. ಅದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ. ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಬಂದ ಸಾಲ್ಮನ್ ತಿನ್ನುವುದನ್ನೇ ಬಿಟ್ಟಿರುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೇ ತಿಂಗಳುಗಟ್ಟಲೆ ಬದುಕುತ್ತದೆ. ಉಪವಾಸ ಹಿಡಿದವರ ಮುಂದೆ ಎಲೆ ಹಾಕಿದ ಹಾಗಾಯ್ತು, ಅಲ್ವಾ? ಆದರೂ ಒಮ್ಮೊಮ್ಮೆ ಕಚ್ಚುತ್ತದೆ. ಸಿಟ್ಟಿಗೋ, ಹಳೇ ಅಭ್ಯಾಸಕ್ಕೋ, ಖಚಿತವಾಗಿ ಹೇಳಿದವರಿಲ್ಲ.

ನನ್ನನ್ನು ಕೇಳಿದರೆ ಮೀನಿಗಿಂತ ಅಲ್ಲಿನ ಗಾಳದ ಎಸೆತವೇ ಚೆಂದ. ಬೆನ್ನ ಹಿಂದೆ ಮರಗಳಿದ್ದು ದಾರ ಬೀಸಲು ಜಾಗವಿಲ್ಲದ ಕಡೆ, ಅದನ್ನು ನೀರಿನ ಮೇಲೇ ಸುತ್ತು ಹಾಕಿಸಿ ಮುಂದಕ್ಕೆ ಎಸೆಯುತ್ತಾರಲ್ಲ, ಆ 'ಸ್ಪೇ ಕಾಸ್ಟ್' ಹುಟ್ಟಿದ್ದು ಇದೇ ನದಿಯಲ್ಲಿ. ಎರಡೂ ಕೈಯಲ್ಲಿ ಹಿಡಿಯುವ ಉದ್ದನೆಯ ರಾಡು. ಒಂದು ಎಸೆತ, ಒಂದೆರಡು ಹೆಜ್ಜೆ ಕೆಳಕ್ಕೆ, ಮತ್ತೆ ಎಸೆತ.

ಮೀನು ಕಡಿಮೆಯಾಗಿರುವುದೂ ನಿಜ. 2023ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ ಅನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಸ್ಕಾಟ್ಲೆಂಡಿನಲ್ಲಿ ರಾಡಿಗೆ ಸಿಕ್ಕ ಸಾಲ್ಮನ್‌ಗಳಲ್ಲಿ ಶೇ. 90ಕ್ಕೂ ಜಾಸ್ತಿ ಈಗ ವಾಪಸ್ ನೀರಿಗೇ ಹೋಗುತ್ತವೆ. ಅಂದ ಹಾಗೆ, ಇನ್ನು ಮುಂದೆ ಹೋಗುವವರು ಸುಮ್ನೆ ಭಾನುವಾರ ಇಟ್ಟುಕೊಳ್ಳಬೇಡಿ. ಅವತ್ತು ಅಲ್ಲಿ ಸಾಲ್ಮನ್ ಹಿಡಿಯುವುದು ಕಾನೂನಿಗೆ ವಿರುದ್ಧ.