ನಿಯಮ ಎರಡರ್ಥ ಕೊಟ್ಟರೆ ಲಾಭ ಆಟಗಾರನಿಗೇ ಸಲ್ಲಬೇಕೇ?

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ ಪಾತ್ರ ಲೆವೆಲ್ (ಬಲದ ಮೆಟ್ಟಿಲು) ಏರುವಾಗ ಏಳುವಷ್ಟು ತಕರಾರು ಕಾಳಗದ ನಡುವೆಯೂ ಏಳುವುದಿಲ್ಲ. ನಿಯಮಪುಸ್ತಕದ ಒಂದೇ ವಾಕ್ಯವನ್ನು ಇಬ್ಬರು ಎರಡು ಬಗೆಯಲ್ಲಿ ಓದುತ್ತಾರೆ, ಇಬ್ಬರ ಓದಿಗೂ ಆಧಾರ ಇರುತ್ತದೆ. ಅಂಥ ಕಡೆ ಆಟಗಾರನಿಗೆ ಅನುಕೂಲವಾದ ಅರ್ಥವನ್ನೇ ಹಿಡಿಯಬೇಕೇ? ಶಿವಮೊಗ್ಗದಲ್ಲಿ ಆಟ ನಡೆಸುವ ಇಬ್ಬರ ವಾದ ಇಲ್ಲಿದೆ.

ಪರ: ಸಂಶಯದ ಲಾಭ ಆಟಗಾರನದ್ದೇ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ನಿಯಮಗಳನ್ನೇ ತೆಗೆದುಕೊಳ್ಳಿ. ಮೂರನೇ ಲೆವೆಲ್ಲಿನ ಫೈಟರ್ (ಹೋರಾಟಗಾರ ವರ್ಗದ ಪಾತ್ರ), ದೇಹದಾರ್ಢ್ಯಕ್ಕೆ ಸಿಗುವ ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ +2. ಮೊದಲ ಲೆವೆಲ್ಲಿಗೆ 10+2, ಮುಂದಿನ ಎರಡಕ್ಕೂ ನಿಗದಿತ 6+2, ಒಟ್ಟು 28 ಹಿಟ್ ಪಾಯಿಂಟ್, ಅಂದರೆ ಬೀಳುವ ಮುನ್ನ ತಾಳಬಲ್ಲ ಏಟಿನ ಅಂಕಿ. ಗುಹೆಯ ನಡುವೆ ಏಟು ತಿಂದು 5ಕ್ಕೆ ಇಳಿದಿದ್ದಾನೆ. ಅಷ್ಟರಲ್ಲಿ ಎಕ್ಸ್‌ಪಿ (ಅನುಭವದ ಅಂಕ) 2,700 ಮುಟ್ಟಿ ನಾಲ್ಕನೇ ಲೆವೆಲ್ ಬಂತು. ಗರಿಷ್ಠ ಹಿಟ್ ಪಾಯಿಂಟಿಗೆ ಸೇರಿಸಿ ಎನ್ನುತ್ತದೆ ಪುಸ್ತಕ, 28 ಹೋಗಿ 36 ಆಯಿತು. ಸದ್ಯ ಕೈಯಲ್ಲಿರುವ 5 ಏನಾಗಬೇಕು? ಆ ಸಾಲಿನಲ್ಲಿ ಅದರ ಮಾತೇ ಇಲ್ಲ.

ಇದು ಬರೀ ಅಂಕಿಯ ಮಾತಲ್ಲ. ಎದುರಿಗಿರುವ ಓರ್ಕ್‌ನ ದೊಡ್ಡ ಕೊಡಲಿಯ ಏಟು ಡಿ12+3, ಅಂದರೆ ಹನ್ನೆರಡು ಮುಖದ ದಾಳದಲ್ಲಿ ಬಿದ್ದದ್ದಕ್ಕೆ 3 ಸೇರಿಸಿದಷ್ಟು. ಕೈಯಲ್ಲಿ 5 ಮಾತ್ರ ಇದ್ದರೆ ದಾಳದಲ್ಲಿ 2 ಬಿದ್ದರೂ ಫೈಟರ್ ನೆಲಕ್ಕೆ. ತಗುಲಿದ 12 ಏಟಿನಲ್ಲಿ 11 ಅವನನ್ನು ಬೀಳಿಸುತ್ತವೆ. ಹೊಸದಾಗಿ ಬಂದ 8 ಸೇರಿ 13 ಆದರೆ 12ರಲ್ಲಿ 3 ಮಾತ್ರ. ಲೆವೆಲ್ ಏರಿದ ಮರುಕ್ಷಣವೇ ಪಾತ್ರ ಕುಸಿದು ಬೀಳುವ ಓದನ್ನು ಯಾಕೆ ಆರಿಸಿಕೊಳ್ಳಬೇಕು?

ವಿನ್ಯಾಸಕಾರರು ಬಾಯಿಬಿಟ್ಟು ಹೇಳಿದ ಕಡೆ ಏನು ಹೇಳಿದ್ದಾರೆ ನೋಡಿ. ಇದೇ ಫೈಟರ್ ನಾಲ್ಕನೇ ಲೆವೆಲ್ಲಿನಲ್ಲಿ ಸಾಮರ್ಥ್ಯ ಏರಿಸಲು ಸಿಗುವ ಎರಡು ಅಂಕಗಳನ್ನು ಕಾನ್‌ಸ್ಟಿಟ್ಯೂಷನ್‌ಗೆ ಹಾಕಿ ಮಾಡಿಫೈಯರನ್ನು +3 ಮಾಡಿಕೊಂಡರೆ ಹಿಂದಿನ ಮೂರೂ ಲೆವೆಲ್ಲಿಗೆ ಒಂದೊಂದು ಸೇರುತ್ತದೆ. ಒಟ್ಟು 37 ಅಲ್ಲ, 40. ಇದು ಸ್ಪಷ್ಟವಾಗಿ ಬರೆದ ನಿಯಮ, ಆದರೂ 37 ಎಂದೇ ಬರೆದುಕೊಂಡ ಪಾತ್ರದ ಶೀಟುಗಳು ಎಷ್ಟೋ ಇವೆ. ಬೆಳವಣಿಗೆ ಹಿಂದಕ್ಕೂ ಅನ್ವಯಿಸಲಿ ಎಂಬ ಮನಸ್ಸು ಪುಸ್ತಕದಲ್ಲೇ ಇದೆ.

ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಬೇರೊಂದು ಆಟ ಇನ್ನೂ ಮುಂದೆ ಹೋಗುತ್ತದೆ. ಸೆಷನ್ (ಒಂದು ಸಲದ ಆಟ) ಮುಗಿದಾಗ ಪಾತ್ರದ ನಂಬಿಕೆ ಅಥವಾ ಹಿನ್ನೆಲೆ ಆಟದಲ್ಲಿ ಕಂಡಿತೇ, ಚಟ ಅಥವಾ ಮನಸ್ಸಿನ ಗಾಯದ ಜೊತೆ ಗುದ್ದಾಡಿತೇ ಎಂದು ಕೇಳಿ, ಒಮ್ಮೆ ಆಗಿದ್ದರೆ 1, ಮತ್ತೆ ಮತ್ತೆ ಆಗಿದ್ದರೆ 2 ಎಕ್ಸ್‌ಪಿ. ಎಷ್ಟಾದರೆ ‘ಮತ್ತೆ ಮತ್ತೆ’? ಆ ತೀರ್ಪು ಆಟಗಾರರದ್ದು ಎಂದು ಪುಸ್ತಕವೇ ಬಿಟ್ಟುಕೊಟ್ಟಿದೆ. ಪಾತ್ರದ ಒಳಗೆ ಏನು ನಡೆಯಿತು ಎಂಬುದು ಆಡಿದವರಿಗಲ್ಲದೆ ಇನ್ನಾರಿಗೆ ಗೊತ್ತು?

ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕೈಯಲ್ಲಿ ಇಡೀ ಲೋಕವಿದೆ. ಪಾತ್ರ ತುಸು ಬಲವಾಯಿತು ಅನ್ನಿಸಿದರೆ ಮುಂದಿನ ಕೋಣೆಗೆ ಇನ್ನಿಬ್ಬರು ಓರ್ಕ್‌ಗಳನ್ನು ತರಬಹುದು, ನಿಧಿ ಕಡಿಮೆ ಮಾಡಬಹುದು. ಆಟಗಾರನಿಗೆ ಇರುವುದು ಒಂದು ಶೀಟು. ಉದಾರವಾಗಿ ಓದಿ ಎಡವಿದ್ದನ್ನು ಡಿಎಂ ಸದ್ದಿಲ್ಲದೆ ಸರಿಮಾಡಬಲ್ಲ. ಬಿಗಿಯಾಗಿ ಓದಿ ಎಡವಿದರೆ ಅದರ ಭಾರವನ್ನು ಆಟಗಾರ ತಿಂಗಳುಗಟ್ಟಲೆ ಹೊರುತ್ತಾನೆ.

ನಮ್ಮ ಕಡೆಯ ಪರಿಸ್ಥಿತಿಯೂ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದು ಆಡುವವರು ಜುಲೈ-ಆಗಸ್ಟ್ ಮಳೆಯಲ್ಲಿ ಸೆಷನ್ ತಪ್ಪಿಸಿಕೊಳ್ಳುವುದು ಮಾಮೂಲು. ಬಾರದವರ ಪಾತ್ರಕ್ಕೆ ಎಕ್ಸ್‌ಪಿ ಕೊಡಬೇಕೇ? 2014ರ ಡಿಎಂ ಕೈಪಿಡಿ ಎರಡಕ್ಕೂ ಒಪ್ಪುತ್ತದೆ: ಭಾಗವಹಿಸಿದವರಿಗಷ್ಟೇ ಕೊಡುವುದು ರೂಢಿ, ಎಲ್ಲರೂ ಸಮ ಇರಲಿ ಎಂದರೆ ಬಾರದವರಿಗೂ ಅಷ್ಟೇ ಕೊಡಿ. ಮಲೆನಾಡಿನಲ್ಲಿ ಎರಡನೆಯದೇ ನ್ಯಾಯ. ರಸ್ತೆಗೆ ಮರ ಬಿದ್ದದ್ದಕ್ಕೆ ಪಾತ್ರಕ್ಕೆ ದಂಡ ಹಾಕಬಾರದು.

ವಿರೋಧ: ಯಾವ ಆಟಗಾರನಿಗೆ ಲಾಭ?

‘ಆಟಗಾರನಿಗೆ ಲಾಭ’ ಎನ್ನುವಾಗ ಮೇಜಿನ ಸುತ್ತ ಒಬ್ಬನೇ ಕೂತಿದ್ದಾನೆ ಎಂದುಕೊಂಡಂತಿದೆ. ಕೂತಿರುವವರು ನಾಲ್ಕೈದು ಮಂದಿ.

ಮತ್ತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಬಂದು, ಎರಡು ವರ್ಗ ಬೆರೆಸಿ (ಇದೇ ಮಲ್ಟಿಕ್ಲಾಸ್) ಕ್ಲೆರಿಕ್ (ಪುರೋಹಿತ) 4, ವಿಜರ್ಡ್ (ಮಂತ್ರವಾದಿ) 1 ಲೆವೆಲ್ ಆಗಿರುವ ಪಾತ್ರವನ್ನು ನೋಡೋಣ. ಆರನೇ ಲೆವೆಲ್ಲಿಗೆ ವಿಜರ್ಡ್ ಆರಿಸಿಕೊಂಡು ವಿಜರ್ಡ್ 2 ಆಗುತ್ತಾನೆ. ಲೆವೆಲ್ ಏರಿದಾಗ ಮಂತ್ರಪುಸ್ತಕಕ್ಕೆ ಎರಡು ಮಂತ್ರ ಸೇರಿಸಬಹುದು, ಅವು ನಿಮ್ಮ ಬಳಿ ಸ್ಲಾಟ್ (ಮಂತ್ರ ಪ್ರಯೋಗಿಸುವ ಅವಕಾಶ) ಇರುವ ಹಂತದವು ಆಗಿರಬೇಕು ಎನ್ನುತ್ತದೆ ವಿಜರ್ಡ್ ಭಾಗ. ಎರಡೂ ವರ್ಗ ಕೂಡಿ ಇವನಿಗೆ ಮೂರನೇ ಹಂತದ ಸ್ಲಾಟುಗಳಿವೆ. ಹಾಗಾದರೆ ಮೂರನೇ ಹಂತದ ಮಂತ್ರವಾದ ಫೈರ್‌ಬಾಲ್ ಬರೆದುಕೊಳ್ಳಬಹುದೇ? ಆ ಒಂದು ಸಾಲನ್ನಷ್ಟೇ ಓದಿದರೆ ಬರೆದುಕೊಳ್ಳಬಹುದು. ಆದರೆ ಮಲ್ಟಿಕ್ಲಾಸ್ ಭಾಗಕ್ಕೆ ಬನ್ನಿ: ಪ್ರತಿ ವರ್ಗದ ಮಂತ್ರಗಳನ್ನೂ ಆ ವರ್ಗವೊಂದೇ ಇದೆ ಎಂಬಂತೆ ಲೆಕ್ಕ ಹಾಕಬೇಕು. ವಿಜರ್ಡ್ 2ಕ್ಕೆ ಮೊದಲ ಹಂತದ ಮಂತ್ರ ಮಾತ್ರ. ‘ಅದು ಸಿದ್ಧಪಡಿಸುವ ಮಾತು, ಬರೆದಿಡುವುದಕ್ಕಲ್ಲ’ ಎಂದು ವಾದಿಸುವವರಿಗೆ ಎಡೆಯಿದೆ, ನಿಜ. ಅವರ ಪರ ತೀರ್ಪು ಕೊಟ್ಟು, ಬರೆದದ್ದನ್ನು ಬಳಸಲೂ ಬಿಟ್ಟರೆ, ಫೈರ್‌ಬಾಲ್‌ಗಾಗಿ ವಿಜರ್ಡ್ 5 ಆಗುವವರೆಗೆ ಕಾದ ಪಕ್ಕದವನ ಗತಿಯೇನು? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಆಯಿತು.

ಪುಸ್ತಕದ ಮನಸ್ಸು ಸದಾ ಉದಾರ ಎಂಬುದನ್ನೂ ಒಪ್ಪಲಾರೆ. ಫೈಟರ್ 5, ರೇಂಜರ್ 5 ಆದವನಿಗೆ ಎರಡೂ ಕಡೆಯಿಂದ ಎಕ್ಸ್‌ಟ್ರಾ ಅಟ್ಯಾಕ್ (ಒಂದು ಸರದಿಗೆ ಇನ್ನೊಂದು ಏಟು) ಬರುತ್ತದೆ, ಆದರೂ ಏಟು ಎರಡೇ, ಮೂರಲ್ಲ. ಫೈಟರ್ 3, ರೋಗ್ 1 ಆದವನು ನಾಲ್ಕನೇ ಲೆವೆಲ್ಲಿನ ಪಾತ್ರವಾದರೂ ಸಾಮರ್ಥ್ಯದ ಅಂಕ ಏರಿಸುವಂತಿಲ್ಲ, ಅದು ಒಂದೇ ವರ್ಗದಲ್ಲಿ 4 ಮುಟ್ಟಿದಾಗ ಬರುವುದು. ಪ್ರೊಫಿಷಿಯೆನ್ಸಿ ಬೋನಸ್ (ಪಳಗಿದ ಕೆಲಸದಲ್ಲಿ ದಾಳಕ್ಕೆ ಸೇರುವ ಅಂಕಿ) ಮಾತ್ರ ಒಟ್ಟು ಲೆವೆಲ್ಲಿನ ಮೇಲೆ. ತಪ್ಪುವುದು ಹೆಚ್ಚಾಗಿ ಇಲ್ಲೇ.

ಇನ್ನು 5 ಹಿಟ್ ಪಾಯಿಂಟಿನ ಫೈಟರ್. ಲೆವೆಲ್ ಏರಿದರೆ ಸದ್ಯದ ಅಂಕಿಯೂ ಏರುತ್ತದೆ ಎಂದು ಗೊತ್ತಾದ ದಿನದಿಂದ ಲೆವೆಲ್ಲೇ ಮದ್ದಾಗುತ್ತದೆ. ತಲೆಗೆ 50 ಎಕ್ಸ್‌ಪಿ ಕೊರತೆ ಇರುವ ನಾಲ್ವರ ತಂಡ, ಸುಮ್ಮನೆ ಹೋಗುತ್ತಿರುವ ನಾಲ್ಕು ಗಾಬ್ಲಿನ್‌ಗಳನ್ನು ಕೆಣಕುತ್ತದೆ. ಒಂದಕ್ಕೆ 50ರಂತೆ 200, ನಾಲ್ವರಿಗೆ ಹಂಚಿದರೆ ಸರಿಯಾಗಿ 50. ಕಥೆಗೆ ಬೇಡದ ಕಾಳಗ ಹೀಗೆ ಹುಟ್ಟುತ್ತದೆ. ಇದಕ್ಕೆ ಮದ್ದು ಸರಳ: ಎಕ್ಸ್‌ಪಿಯನ್ನು ಆಗಲೇ ಬರೆದಿಡಿ, ಲೆವೆಲ್ ಮಾತ್ರ ಲಾಂಗ್ ರೆಸ್ಟ್ (ಪಾತ್ರಗಳ ದೀರ್ಘ ವಿಶ್ರಾಂತಿ) ಮುಗಿದ ಮೇಲೆ ಕೊಡಿ. ಆಗ ಹಿಟ್ ಪಾಯಿಂಟ್, ಸ್ಲಾಟ್ ಎರಡೂ ತುಂಬಿರುವುದರಿಂದ ಪ್ರಶ್ನೆಯೇ ಏಳದು. ಡಿಎಂ ಕೈಪಿಡಿಯ ಐಚ್ಛಿಕ ನಿಯಮ ಇನ್ನೂ ಬಿಗಿ: 2ರಿಂದ 4ನೇ ಲೆವೆಲ್ಲಿಗೆ 10 ದಿನ ತರಬೇತಿ, 20 ಚಿನ್ನದ ನಾಣ್ಯ.

ಕಾಲ್ ಆಫ್ ಕ್ಥುಲು ಎಂಬ ಇನ್ನೊಂದು ಆಟದ ಏಳನೇ ಆವೃತ್ತಿಯಲ್ಲಿ ಉದಾರತೆಯ ಬೆಲೆಯನ್ನು ಎಣಿಸಿಯೇ ನೋಡಬಹುದು. ಗೆದ್ದ ಕೌಶಲಕ್ಕೆ ಒಂದು ಗುರುತು, ಎಷ್ಟು ಸಲ ಗೆದ್ದರೂ ಒಂದೇ. ಆಮೇಲೆ ನೂರರ ದಾಳ ಉರುಳಿಸಿ, ಕೌಶಲದ ಅಂಕಿಗಿಂತ ಹೆಚ್ಚು ಬಿದ್ದರೆ ಡಿ10 ಸೇರಿಸಬೇಕು. ಇದನ್ನು ಸೆಷನ್ ಕೊನೆಗೆ ಮಾಡುವುದೋ, ಇಡೀ ಪ್ರಕರಣದ ಕೊನೆಗೋ? 40ರ ಕೌಶಲಕ್ಕೆ ಒಂದು ಸಲಕ್ಕೆ ಸರಾಸರಿ 3.3 ಏರಿಕೆ. ನಾಲ್ಕು ಸೆಷನ್ನಿನ ಪ್ರಕರಣದಲ್ಲಿ ಪ್ರತಿ ಸಲವೂ ಗುರುತು ಬಿದ್ದು ಪ್ರತಿ ಸಲವೂ ಉರುಳಿಸಿದರೆ ಸುಮಾರು 12. ಅಂಕಿ ಏರಿದಂತೆ ವೇಗ ತಗ್ಗುತ್ತದೆ, ಒಪ್ಪುತ್ತೇನೆ. ಆದರೆ 90 ಮುಟ್ಟಿದ ಕೌಶಲಕ್ಕೆ 2ಡಿ6 (ಆರು ಮುಖದ ಎರಡು ದಾಳದ ಮೊತ್ತ) ಸ್ಯಾನಿಟಿ, ಅಂದರೆ ಮನಸ್ಸಿನ ಸ್ಥಿಮಿತದ ಅಂಕ, ಮರಳುತ್ತದೆ. ಹುಚ್ಚು ಹಿಡಿಯುವ ಭಯವೇ ಜೀವಾಳವಾದ ಆಟದಲ್ಲಿ ಅದನ್ನು ಬೇಗ ಬೇಗ ಹಂಚಬಾರದು.

ಹಾಗಾಗಿ ಲಾಭ ಯಾರಿಗೆ ಎಂದು ಕೇಳುವ ಮೊದಲು ಓದಿ. ಮೊದಲು ವರ್ಗದ ಪುಟ, ಆಮೇಲೆ ಮಲ್ಟಿಕ್ಲಾಸ್ ಭಾಗ. ಎರಡೂ ಹೊಡೆದಾಡಿದರೆ ಹೆಚ್ಚು ನಿರ್ದಿಷ್ಟವಾದ ಮಾತಿಗೆ ಮನ್ನಣೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಕಡತವಾದ ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿದೆ, ಮಲ್ಟಿಕ್ಲಾಸ್ ನಿಯಮವೂ ಅದರಲ್ಲಿದೆ. ಫೋನಿಗೆ ಇಳಿಸಿಟ್ಟುಕೊಳ್ಳಿ, ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಬೇಕಾಗುತ್ತದೆ. ಆಮೇಲೂ ಗೊಂದಲ ಉಳಿದರೆ ಎರಡೂ ಅರ್ಥವನ್ನು ಗಟ್ಟಿಯಾಗಿ ಓದಿ, ಎಲ್ಲರನ್ನೂ ಕೇಳಿ ಒಂದನ್ನು ಹಿಡಿದು, ಪುಟಸಂಖ್ಯೆ ಮತ್ತು ತಾರೀಖಿನ ಸಮೇತ ಕ್ಯಾಂಪೇನ್ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತೀರ್ಪು ಅಂದಿನಿಂದ ಮುಂದಕ್ಕೆ ಮಾತ್ರ. ಹಳೆಯ ಓದನ್ನು ನಂಬಿ ಆಯ್ಕೆ ಮಾಡಿದವರಿಗೆ ಆ ಆಯ್ಕೆ ಬದಲಿಸಲು ಒಮ್ಮೆ ಅವಕಾಶ ಕೊಡಿ.

ಮಳೆಗೆ ಸಿಕ್ಕಿ ಬಾರದವರ ಎಕ್ಸ್‌ಪಿ ವಿಷಯದಲ್ಲಿ ಮಾತ್ರ ನನ್ನದೂ ಅದೇ ಅಭಿಪ್ರಾಯ. ಸಮನಾಗಿ ಕೊಟ್ಟರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ, ಮತ್ತು ಒಬ್ಬೊಬ್ಬರಿಗೂ ಬೇರೆ ಲೆಕ್ಕ ಇಡುವ ಕೆಲಸ ಡಿಎಂಗೆ ತಪ್ಪುತ್ತದೆ. ಆದರೆ ಅದನ್ನು ಜೂನ್ ತಿಂಗಳಲ್ಲೇ, ಮೊದಲ ಗೈರುಹಾಜರಿಗೆ ಮುಂಚೆ, ಹೇಳಿಬಿಡಬೇಕು.