ಗೋಡಂಬಿಯ ಮಟ್ಟಿಗೆ ಪಾರದರ್ಶಕ

ವಿದೇಶಿ ರಾಜತಾಂತ್ರಿಕರೊಬ್ಬರು ಬೆಂಗಳೂರಿನಲ್ಲಿ ನಮ್ಮ ಮಾನ್ಯರೊಬ್ಬರನ್ನು ಕಂಡುಹೋದರೆಂದರೆ, ಮರುದಿನ ಬೆಳಗಾಗುವಷ್ಟರಲ್ಲಿ ನಾಡಿನ ಜನತೆಗೆ ತಿಳಿಯದೆ ಉಳಿಯುವ ಸಂಗತಿ ಬಹಳ ಕಡಿಮೆ. ತೊಡಿಸಿದ್ದು ಮೈಸೂರು ಪೇಟ, ಹೊದಿಸಿದ್ದು ರೇಷ್ಮೆ ಶಾಲು, ಕೈಗಿತ್ತದ್ದು ಗಂಧದ ಆನೆ. ಪೇಟ ಅತಿಥಿಯ ಕಿವಿಯ ಮೇಲೆ ಜಾರಿದ್ದು, ಅದನ್ನು ನೆಟ್ಟಗೆ ಮಾಡಲು ಮೂವರು ಒಮ್ಮೆಗೇ ಕೈಚಾಚಿದ್ದು, ಆ ಮೂವರಲ್ಲಿ ಒಬ್ಬರಿಗೆ ಸಭೆಯೊಂದಿಗೆ ಯಾವ ಸಂಬಂಧವೂ ಇಲ್ಲದಿದ್ದದ್ದು, ಎಲ್ಲವೂ ಹತ್ತಾರು ಕೋನಗಳ ಚಿತ್ರಗಳಲ್ಲಿ ದಾಖಲಾಗಿರುತ್ತದೆ. ಚಿತ್ರದ ಕೆಳಗೆ ಒಂದೇ ಸಾಲು: ‘ಇದೊಂದು ಸೌಜನ್ಯದ ಭೇಟಿಯಾಗಿದ್ದು, ಪರಸ್ಪರ ಸಹಕಾರದ ಕುರಿತು ಉಭಯತ್ರರೂ ಚರ್ಚಿಸಿದರು.’ ಇಬ್ಬರು ಕೂತು ಪರಸ್ಪರವಲ್ಲದ ಸಹಕಾರವನ್ನು ಚರ್ಚಿಸುವುದು ಹೇಗೆಂದು ಬಲ್ಲವರು ತಿಳಿಸಬೇಕು.

ಏನು ಸಹಕಾರ, ಯಾರಿಂದ ಯಾರಿಗೆ, ಯಾವ ಷರತ್ತಿನ ಮೇಲೆ ಎಂದು ತಿಳಿಯುವ ಚಪಲ ನನಗೆ ಹುಟ್ಟಿದ್ದು ನಲ್ಲಿಯ ಮುಂದೆ ಬಿಂದಿಗೆ ಇಟ್ಟು ನಿಂತಿದ್ದಾಗ. ನಗರದ ಅಂಚಿನ 110 ಹಳ್ಳಿಗಳನ್ನು ಕಣ್ಣ ಮುಂದಿಟ್ಟುಕೊಂಡು, ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರಲೆಂದು 2024ರಲ್ಲಿ ಚಾಲನೆಗೊಂಡ ಕಾವೇರಿ 5ನೇ ಹಂತಕ್ಕೆ ಸಾಲ ಕೊಟ್ಟದ್ದು ಜಪಾನಿನ ಜೈಕಾ ಸಂಸ್ಥೆ. ಅಂದರೆ ಎಲ್ಲೋ ಯಾರೋ ಮೇಜಿನ ಎರಡು ಬದಿಗೆ ಕೂತು ಆಡಿದ ಮಾತು ಕೊನೆಗೆ ನಮ್ಮ ಬಿಂದಿಗೆಗೂ ಬರುತ್ತದೆ, ನಮ್ಮ ತೆರಿಗೆಗೂ ಬರುತ್ತದೆ. ನಾನು ವಿಚಾರಿಸಹೊರಟದ್ದು ಜಪಾನಿನವರ ಭೇಟಿಯನ್ನಲ್ಲ, ಬೇರೊಂದು ದೇಶದವರದನ್ನು. ಯಾವ ದೇಶವೆಂದು ಹೇಳಿದರೆ ಆ ದೇಶದೊಂದಿಗಿನ ಬಾಂಧವ್ಯಕ್ಕೆ ಧಕ್ಕೆಯಾಗುವುದೆಂದು ನನಗೆ ಲಿಖಿತವಾಗಿ ತಿಳಿಸಲಾಗಿರುವುದರಿಂದ ಹೇಳಲಾರೆ.

2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಮೂನೆ ‘ಎ’ ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ನಿಯಮ ಮಾಡಿದವರು ಕನ್ನಡ ವ್ಯಾಕರಣವನ್ನು ಮರೆತಿದ್ದರೆಂದು ಕಾಣುತ್ತದೆ. ‘ಯಾರು ಯಾರು ಏನು ಏನು ಮಾತನಾಡಿದರು ಎಂಬುದನ್ನು’ ಎಂದು ಬಿಡಿಸಿ ಬರೆದರೆ ಆರು ಪದ. ‘ಯಾರ್ಯಾರೇನೇನುಮಾತನಾಡಿದರೆಂಬುದನ್ನು’ ಎಂದು ಉಸಿರು ಬಿಗಿಹಿಡಿದು ಕೂಡಿಸಿದರೆ ಒಂದೇ. ಪ್ರೌಢಶಾಲೆಯಲ್ಲಿ ಬೆತ್ತದೇಟು ತಿಂದು ಕಲಿತ ಲೋಪ, ಆಗಮ, ಆದೇಶ ಸಂಧಿಗಳು ಜೀವನದಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂದವು, ಮತ್ತು ನನ್ನ ಅರ್ಜಿ 94 ಪದಗಳಲ್ಲಿ ಮುಗಿಯಿತು. ಓದಿದ ಟಪಾಲು ಶಾಖೆಯವರು, ಇದು ಹಳಗನ್ನಡವೋ ಏನೋ ಎಂಬ ಗೌರವದಿಂದ ಸ್ವೀಕೃತಿಯ ಮುದ್ರೆ ಒತ್ತಿಕೊಟ್ಟರು.

ಉತ್ತರ ಕೊಡಲು ಕಾಯ್ದೆ 30 ದಿನಗಳ ಅವಕಾಶ ಕೊಡುತ್ತದೆ. ಹಿಂಬರಹ ಬಂದದ್ದು ಸರಿಯಾಗಿ 30ನೆಯ ದಿನ. ಅದರಲ್ಲಿ ನಾಲ್ಕು ಅಂಶಗಳಿದ್ದವು. ವಿದೇಶಾಂಗ ವ್ಯವಹಾರ ಸಂವಿಧಾನದ ಕೇಂದ್ರ ಪಟ್ಟಿಯ ವಿಷಯವಾದ್ದರಿಂದ ಈ ಕಚೇರಿಗೆ ಸಂಬಂಧಿಸಿದ್ದಲ್ಲ ಎಂಬುದು ಮೊದಲನೆಯದು. ಸಂಬಂಧಿಸಿದ್ದೇ ಆದರೂ, ಬಹಿರಂಗಪಡಿಸಿದಲ್ಲಿ ವಿದೇಶದೊಂದಿಗಿನ ಬಾಂಧವ್ಯಕ್ಕೆ ಬಾಧಕವಾಗುವುದರಿಂದ ಪ್ರಕರಣ 8(1)(ಎ) ಅನ್ವಯ ಕೊಡಲಾಗದು ಎಂಬುದು ಎರಡನೆಯದು. ಬಾಧಕವಾಗದಿದ್ದರೂ, ವಿದೇಶಿ ಸರ್ಕಾರದಿಂದ ಗೋಪ್ಯವಾಗಿ ಪಡೆದ ಮಾಹಿತಿಯಾದ್ದರಿಂದ 8(1)(ಎಫ್) ಅನ್ವಯ ಕೊಡಲಾಗದು ಎಂಬುದು ಮೂರನೆಯದು. ನಾಲ್ಕನೆಯದನ್ನು ಇದ್ದದ್ದು ಇದ್ದ ಹಾಗೆಯೇ ಕೊಡುತ್ತೇನೆ: ‘ಸದರಿ ಸಭೆಯ ನಡವಳಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’

ಈ ನಾಲ್ಕನ್ನೂ ಒಟ್ಟಿಗೆ ಓದಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರ ಕಥೆ ನಮಗೆ ಗೊತ್ತಿದೆ. ಇಲ್ಲಿ ಹುಟ್ಟದೇ ಇರುವ ಕೂಸಿಗೆ ಮೂರು ಸುತ್ತಿನ ಪೊಲೀಸ್ ಕಾವಲು ಹಾಕಿ, ತೊಟ್ಟಿಲನ್ನು ಯಾರೂ ಇಣುಕಬಾರದೆಂದು ಫಲಕ ತೂಗುಹಾಕಲಾಗಿತ್ತು. ಬರೆಯದ ಕಾಗದವೊಂದು ಬಹಿರಂಗವಾದರೆ ಎರಡು ದೇಶಗಳ ಸಂಬಂಧ ಕೆಡುತ್ತದೆ ಎಂಬ ಸೂಕ್ಷ್ಮ ಯಾವ ತರ್ಕಶಾಸ್ತ್ರಕ್ಕೂ ಹೊಳೆದಿರಲಾರದು.

ಕಾಯ್ದೆಯ 8(3)ರಲ್ಲಿ 20 ವರ್ಷ ಕಳೆದ ಸಂಗತಿಗಳನ್ನು ಕೊಡಬೇಕೆಂದಿದೆಯಲ್ಲ, ಅಷ್ಟು ವರ್ಷ ಕಾಯೋಣವೇ ಎಂದೂ ಯೋಚಿಸಿದೆ. ಆದರೆ 8(1)(ಎ)ಗೆ ಮುಪ್ಪಿಲ್ಲ. ಆ ವಿನಾಯಿತಿ 20 ವರ್ಷವಾದ ಮೇಲೂ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮೊದಲ ಮೇಲ್ಮನವಿ ಹಾಕಿ, ವಿಚಾರಣೆಯ ದಿನ ಮೂರನೆಯ ಮಹಡಿಗೆ ಹೋದೆ. ಮೇಲ್ಮನವಿ ಪ್ರಾಧಿಕಾರದವರು ಸಜ್ಜನರು. ಮೇಜಿನ ಮೇಲೆ ಲಾಡಿ ಬಿಗಿದ ಕಡತವಿತ್ತು, ಪಕ್ಕದಲ್ಲಿ ಮಾಹಿತಿ ಅಧಿಕಾರಿ ನಿಂತಿದ್ದರು. ನಡವಳಿ ಇಲ್ಲವೆಂದಾದರೆ ಈ ಕಡತದಲ್ಲಿ ಏನಿದೆ ಎಂದು ನಾನು ಕೇಳಿದಾಗ, ಆ ಪ್ರಶ್ನೆ ಈವರೆಗೆ ಯಾರಿಗೂ ತೋಚಿರಲಿಲ್ಲವೆಂಬಂತೆ ಇಬ್ಬರೂ ಕಡತವನ್ನೇ ನೋಡಿದರು. ಕೊನೆಗೆ, ಕೊಡಬಹುದಾದ ಭಾಗವನ್ನು ಕೊಡಬಾರದ ಭಾಗದಿಂದ ಬೇರ್ಪಡಿಸಿ ಕೊಡತಕ್ಕದ್ದೆಂಬ ಪ್ರಕರಣ 10ರ ಅನ್ವಯ ಆದೇಶವಾಯಿತು. ಪುಟಕ್ಕೆ 2 ರೂಪಾಯಿಯಂತೆ 6 ರೂಪಾಯಿ ಕಟ್ಟಿ ಮೂರು ಪುಟ ಪಡೆದೆ.

ಮೊದಲ ಪುಟದಲ್ಲಿ ದಿನಾಂಕ ಬಿಟ್ಟು ಉಳಿದುದೆಲ್ಲ ಕಪ್ಪು. ಎರಡನೆಯದರಲ್ಲಿ ದಿನಾಂಕವೂ ಕಪ್ಪು. ಮೂರನೆಯದು ಆತಿಥ್ಯ ವೆಚ್ಚದ ಬಿಲ್ಲು, ಮತ್ತು ಅಲ್ಲಿ ನಮ್ಮ ಆಡಳಿತದ ಪಾರದರ್ಶಕತೆ ಕಣ್ಣು ಕೋರೈಸುವಂತಿತ್ತು. ಹುರಿದ ಗೋಡಂಬಿ ಹನ್ನೆರಡು ತಟ್ಟೆ, ಮದ್ದೂರು ವಡೆ ಹನ್ನೆರಡು ತಟ್ಟೆ, ಫಿಲ್ಟರ್ ಕಾಫಿ ಮೊದಲ ಸಲ ಹನ್ನೆರಡು, ಎರಡನೆಯ ಸಲ ಏಳು, ಸಕ್ಕರೆರಹಿತ ಒಂದು. ಪತ್ರಿಕಾ ಪ್ರಕಟಣೆಯಲ್ಲಿ ಸಿಗದ ರಾಜತಂತ್ರ ಈ ಬಿಲ್ಲಿನಲ್ಲಿತ್ತು. ಚಿತ್ರದಲ್ಲಿದ್ದವರು ಐವರೇ, ಕಾಫಿ ಕುಡಿದವರು ಹನ್ನೆರಡು ಜನ. ಹಾಗಾದರೆ ಚಿತ್ರಕ್ಕೆ ನಿಲ್ಲದ ಆ ಏಳು ಮಂದಿ ಯಾರು? ಎರಡನೆಯ ಕಾಫಿಯ ಹೊತ್ತಿಗೆ ನಾಲ್ವರು ಎದ್ದುಹೋಗಿದ್ದಾರೆ. ಸಹಕಾರ ಪರಸ್ಪರವಾಗಿಯೇ ಇತ್ತೇ, ಅಥವಾ ನಡುವೆ ಕೈಕೊಟ್ಟಿತೇ?

ಬಿಲ್ಲಿನ ನಾಲ್ಕನೆಯ ಬಾಬ್ತಿನ ಮೇಲೆ ಮಾತ್ರ ದಪ್ಪ ಮಾರ್ಕರ್ ಎಳೆಯಲಾಗಿತ್ತು. ಅದನ್ನು ಜೆರಾಕ್ಸ್ ಪ್ರತಿಯ ಮೇಲೆಯೇ ಎಳೆದಿದ್ದರಿಂದ, ಕಾಗದವನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದಾಗ ರಾಷ್ಟ್ರದ ರಹಸ್ಯ ಉಲ್ಟಾ ಅಕ್ಷರಗಳಲ್ಲಿ ಮೂಡಿತು: ಚೌ ಚೌ ಬಾತ್, ಒಂದು. ಇದನ್ನೇಕೆ ಮುಚ್ಚಿದಿರಿ ಎಂದು ಕೇಳಿದೆ. ಅತಿಥಿ ತಿಂದದ್ದು ಅವರ ವೈಯಕ್ತಿಕ ಮಾಹಿತಿಯೆಂದೂ, ಖಾರಾಬಾತನ್ನು ಮುಗಿಸಿ ಕೇಸರಿಬಾತನ್ನು ಹಾಗೆಯೇ ಬಿಟ್ಟದ್ದು ಹೊರಗೆ ತಿಳಿದರೆ ಅಪಾರ್ಥವಾಗಬಹುದೆಂದೂ ಮಾಹಿತಿ ಅಧಿಕಾರಿ ತಗ್ಗಿದ ದನಿಯಲ್ಲಿ ವಿವರಿಸಿದರು. ಕಾಯ್ದೆ ಎಷ್ಟು ಆಳಕ್ಕೆ ಇಳಿಯಬಲ್ಲದೆಂದು ಅಂದು ಕಂಡೆ.

ಆದರೆ ನಡವಳಿ ಏಕಿಲ್ಲ? ಮಾನ್ಯರು ಆಡಿದ್ದನ್ನು ಬರೆದುಕೊಳ್ಳುವ ಪದ್ಧತಿ ಇಲ್ಲವಂತೆ. ಬರೆದಿಟ್ಟರೆ ಯಾರಾದರೂ ಕೇಳುತ್ತಾರಂತೆ. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿದೆ, ದೇವರ ಕೆಲಸಕ್ಕೆ ಯಾರು ತಾನೆ ನಡವಳಿ ಬರೆಯುತ್ತಾರೆ! ದೆಹಲಿಯಲ್ಲಿಯೂ ಪರಿಸ್ಥಿತಿ ಬೇರೆಯಲ್ಲ: 1962, 1965, 1971ರ ಯುದ್ಧಗಳ ಮತ್ತು ಹಸಿರು ಕ್ರಾಂತಿಯ ದಾಖಲೆಗಳು ತಮ್ಮ ಬಳಿ ಇಲ್ಲವೆಂದು ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರೇ 2022ರಲ್ಲಿ ಹೇಳಿದ್ದರು. ಯುದ್ಧಕ್ಕೇ ಕಡತವಿಲ್ಲವಾದರೆ ವಡೆಯ ಮಾತೇನು.

ಮೇಜಿನ ಆಚೆಗೆ ಕೂತವರು ಹಾಗಲ್ಲ. ಪೇಟ, ಶಾಲು, ಆನೆಗಳನ್ನು ಕಾರಿನ ಹಿಂಬದಿಗೆ ಹಾಕಿಕೊಂಡು ಹೋಗಿ, ಅಂದೇ ಸಂಜೆ ಕೂತು, ಯಾರು ಏನಂದರು, ಯಾರು ಗಡಿಯಾರ ನೋಡಿಕೊಂಡರು ಎಂಬುದನ್ನೆಲ್ಲ ತಮ್ಮ ರಾಜಧಾನಿಗೆ ಬರೆಯುವುದೇ ಅವರ ವೃತ್ತಿ. ಅಮೆರಿಕದ ವಿದೇಶಾಂಗ ಇಲಾಖೆ ಇಂಥ ಪತ್ರವ್ಯವಹಾರವನ್ನು ಆಯ್ದು 1861ರಿಂದಲೂ ಸಂಪುಟಗಳಾಗಿ ಅಚ್ಚು ಹಾಕಿಸುತ್ತ ಬಂದಿದೆ. 2010-11ರಲ್ಲಿ ವಿಕಿಲೀಕ್ಸ್‌ನವರು ಅದೇ ದೇಶದ ಎರಡೂವರೆ ಲಕ್ಷ ರಾಜತಾಂತ್ರಿಕ ತಂತಿ ಸಂದೇಶಗಳನ್ನು ಹೊರಗೆಡಹಿದಾಗ, ನಮ್ಮ ನಾಯಕರು ಖಾಸಗಿಯಾಗಿ ಏನು ಮಾತನಾಡುತ್ತಾರೆಂಬುದು ನಮಗೆ ತಿಳಿದದ್ದು ವಿದೇಶಿಯರ ಇಂಗ್ಲಿಷಿನಲ್ಲಿ.

ಇನ್ನೊಂದು ಸೊಗಸು ಕೇಳಿ. ನಮ್ಮ ಕಾಯ್ದೆಯ ಪ್ರಕರಣ 3 ಮಾಹಿತಿಯ ಹಕ್ಕನ್ನು ಭಾರತದ ನಾಗರಿಕರಿಗೆ ಮಾತ್ರ ಕೊಡುತ್ತದೆ. ಅಮೆರಿಕದ 1966ರ ಕಾಯ್ದೆಯಲ್ಲಾಗಲಿ, ಬ್ರಿಟನ್ನಿನ 2000ದ ಕಾಯ್ದೆಯಲ್ಲಾಗಲಿ ಅಂಥ ನಿರ್ಬಂಧವಿಲ್ಲ. ಯಾವ ದೇಶದವರು ಬೇಕಾದರೂ ಅರ್ಜಿ ಹಾಕಬಹುದು. ಅವರೂ ಧಾರಾಳವಾಗಿ ಮಸಿ ಬಳಿಯುವವರೇ, ಅನುಮಾನ ಬೇಡ. ಆದರೆ ಮಸಿ ಬಳಿಯಲು ಅವರ ಬಳಿ ಬರೆದ ಕಾಗದವಾದರೂ ಇರುತ್ತದೆ. ಹೀಗಾಗಿ ಬೆಂಗಳೂರಿನಲ್ಲಿ, ಕನ್ನಡ ಬಲ್ಲ ಮಾನ್ಯರು, ಕನ್ನಡಿಗರ ದುಡ್ಡಿನ ವಡೆ ತಿಂದು ಆಡಿದ ಮಾತನ್ನು ತಿಳಿಯಲು, ಅತಿಥಿಯ ದೇಶದಲ್ಲಿಯೂ ಇಂಥದೊಂದು ಕಾಯ್ದೆ ಇರುವುದನ್ನು ಖಚಿತಪಡಿಸಿಕೊಂಡು, ಅಲ್ಲಿಗೇ ಅರ್ಜಿ ಕಳುಹಿಸಿದೆ. ಎರಡನೆಯ ಮೇಲ್ಮನವಿಗೆ ಮಾಹಿತಿ ಆಯೋಗದ ಮಾಹಿತಿ ಸೌಧವಿತ್ತು, ಹೋಗಲಿಲ್ಲ; ಇಲ್ಲದ ಕಾಗದವನ್ನು ಕೊಡಿಸೆಂದು ಆಯೋಗವನ್ನು ಕೇಳುವುದು ನ್ಯಾಯವಲ್ಲ.

ಕಳೆದ ವಾರ ಬೇರೆ ಕೆಲಸಕ್ಕೆಂದು ಅದೇ ಕಚೇರಿಗೆ ಹೋಗಿದ್ದಾಗ ವಿಷಯವನ್ನು ಹಾಗೆಯೇ ಪ್ರಸ್ತಾಪಿಸಿದೆ. ಮಾಹಿತಿ ಅಧಿಕಾರಿಗಳು ನನ್ನನ್ನು ಲಿಫ್ಟಿನವರೆಗೂ ಬೀಳ್ಕೊಡಲು ಬಂದರು, ಅತ್ತಿತ್ತ ನೋಡಿದರು. ‘ಸಾರ್, ತಪ್ಪು ತಿಳ್ಕೋಬೇಡಿ. ಅಲ್ಲಿಂದ ನಡವಳಿ ಬಂದರೆ ನಮ್ಮ ಫೈಲಿಗೂ ಒಂದು ಜೆರಾಕ್ಸ್ ಕೊಡಿ. ಕಾಫಿ ಬಿಲ್ಲಿಗೆ ಸಭೆಯ ನಡವಳಿ ಲಗತ್ತಿಸಿ ಅಂತ ಆಡಿಟ್‌ನವರು ಆಕ್ಷೇಪಣೆ ಹಾಕಿ ಎರಡು ವರ್ಷ ಆಯ್ತು, ಸಾರ್.’

ಪುಟಕ್ಕೆ 2 ರೂಪಾಯಿಯಾಗುತ್ತದೆಂದೂ, ಅರ್ಜಿ 150 ಪದ ಮೀರಬಾರದೆಂದೂ ತಿಳಿಸಿ ಲಿಫ್ಟ್ ಹತ್ತಿದೆ.