ಜೀರಿಗೆ ಬೆಲ್ಲವೂ ನಾಲ್ಕನೇ ದರ್ಜೆಯ ಕಾರ್ಡೂ

ಮೆಮೊರಿ ಕಾರ್ಡೆಂದರೆ ಕ್ಯಾಮೆರಾದ ಉಗ್ರಾಣ, ಉಗ್ರಾಣಕ್ಕೆ ಜಾಗ ಬೇಕೇ ಹೊರತು ವೇಗವೇಕೆ ಎಂಬುದು ನನ್ನ ನಾದಿನಿಯ ಮದುವೆಯ ಮುಹೂರ್ತದವರೆಗೂ ನಾನು ದೃಢವಾಗಿ ನಂಬಿಕೊಂಡಿದ್ದ ಸಿದ್ಧಾಂತ. ಆ ಸಿದ್ಧಾಂತದ ಬಲದಿಂದಲೇ, 24 ಮೆಗಾಪಿಕ್ಸೆಲ್ಲಿನ ಹೊಸ ಕ್ಯಾಮೆರಾಕ್ಕೆ ಹೊಸ ಕಾರ್ಡು ಕೊಳ್ಳದೆ, ಹೆಂಡತಿಯ ಹಳೆಯ ಮೊಬೈಲಿನಲ್ಲಿ ಐದಾರು ವರ್ಷ ಭಕ್ತಿಗೀತೆಗಳನ್ನು ಹೊತ್ತು ನಿವೃತ್ತಿ ಹೊಂದಿದ್ದ, ಉಗುರಿನಷ್ಟಗಲದ ಮೈಕ್ರೋ ಎಸ್‌ಡಿ ಕಾರ್ಡನ್ನು ಅಡಾಪ್ಟರಿಗೆ ಸಿಕ್ಕಿಸಿ ಒಳಗೆ ತಳ್ಳಿದ್ದೆ. ಇದರ ಮೇಲೆ, ಕ್ಯಾಮೆರಾ ಕಂಡದ್ದನ್ನೆಲ್ಲ ಸಂಸ್ಕರಿಸದೆ ಹಾಗೆಯೇ ಇಡುವ ದೊಡ್ಡ ಗಾತ್ರದ ‘ರಾ’ ಕಡತದಲ್ಲಿ ತೆಗೆಯದವನು ಛಾಯಾಗ್ರಾಹಕನೇ ಅಲ್ಲವೆಂದು ಯಾರೋ ಹೇಳಿದ್ದನ್ನು ಕೇಳಿ, ಪ್ರತಿ ಚಿತ್ರವೂ ‘ರಾ’ ಮತ್ತು ಕುಗ್ಗಿಸಿದ ಚಿಕ್ಕ ಕಡತವಾದ ಜೆಪೆಗ್ ಎರಡೂ ರೂಪಗಳಲ್ಲಿ ದಾಖಲಾಗುವಂತೆ ಹೊಂದಿಸಿದ್ದೆ.

ಮಾವನವರು ವಿಡಿಯೋಗೆ ಒಬ್ಬ ಹುಡುಗನನ್ನು ಗೊತ್ತುಮಾಡಿದ್ದರು. ಧಾರೆಯ ಫೋಟೋಗಳ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾನೇ ವಹಿಸಿಕೊಂಡಿದ್ದೆ. ಅಂತರಪಟದ ಈಚೆಗೊಬ್ಬರು ಆಚೆಗೊಬ್ಬರು ಜೀರಿಗೆ ಬೆಲ್ಲ ಹಿಡಿದು ನಿಂತಿದ್ದರು. ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ” ಎಂದ ಕೂಡಲೇ ಗುಂಡಿ ಒತ್ತಿ ಹಿಡಿದೆ. ಟಕಟಕನೆ ಆರು ಚಿತ್ರಗಳು ಬಂದವು, ಏಳನೆಯದು ಬರಲಿಲ್ಲ. ಕಾರ್ಡಿನ ಬಾಗಿಲ ಬಳಿಯ ಕೆಂಪು ದೀಪವೊಂದು ಮಿನುಗುತ್ತಿತ್ತೇ ಹೊರತು ಕ್ಯಾಮೆರಾ ಜಪ್ಪಯ್ಯ ಎನ್ನಲಿಲ್ಲ. ನಾನು ಗುಂಡಿಯನ್ನು ಒತ್ತಿದೆ, ಗುದ್ದಿದೆ, ಸ್ವಿಚ್ಚು ಆರಿಸಿದೆ, ಆದರೂ ದೀಪ ಆರಲಿಲ್ಲ. ಕೊನೆಗೆ ಕಾರ್ಡಿನ ಬಾಗಿಲಿಗೇ ಕೈಹಾಕಿದಾಗ ವಿಡಿಯೋ ಹುಡುಗ ಮುಂಗೈ ಹಿಡಿದುಕೊಂಡು, “ತೆಗೀಬೇಡಿ ಸಾರ್, ಇನ್ನೂ ಬರೀತಾ ಇದೆ, ಇರೋದೂ ಹೋಗತ್ತೆ” ಎಂದ. ಕ್ಯಾಮೆರಾ ಮತ್ತೆ ಎಚ್ಚರಗೊಂಡಾಗ ಜೀರಿಗೆ ಬೆಲ್ಲ ತಲೆ ಸೇರಿತ್ತು, ಅಕ್ಷತೆ ಜಮಖಾನೆ ಸೇರಿತ್ತು. ನನಗೆ ದಕ್ಕಿದ ಆರೂ ಚಿತ್ರಗಳಲ್ಲಿ ಅಂತರಪಟ ಇಳಿಯುತ್ತಲೇ ಇದೆ. ಆರನೆಯದರಲ್ಲಿ ಅದು ವರನ ಮೂಗಿನವರೆಗೆ ಬಂದಿದೆ.

ಊಟಕ್ಕೆ ಆ ಹುಡುಗನ ಪಕ್ಕದಲ್ಲೇ ಕುಳಿತೆ. ಅವನು ಅಡಾಪ್ಟರಿನಿಂದ ಕಾರ್ಡನ್ನು ಹೊರಗೆಳೆದು, ಅದರ ಮೇಲೆ ‘ಸಿ’ ಅಕ್ಷರದ ಹೊಟ್ಟೆಯೊಳಗಿದ್ದ 4 ಎಂಬ ಅಂಕಿಯನ್ನು ತೋರಿಸಿದ. ಸೆಕೆಂಡಿಗೆ ಕನಿಷ್ಠ 4 ಮೆಗಾಬೈಟು ಬರೆದುಕೊಳ್ಳುತ್ತೇನೆಂದು ಕಾರ್ಡು ಕೊಟ್ಟ ಮಾತು ಅದು. ಅದಕ್ಕಿಂತ ಹೆಚ್ಚಿನದನ್ನು ಅದು ಎಂದೂ ಒಪ್ಪಿಕೊಂಡಿರಲಿಲ್ಲ. ನನ್ನ ಒಂದು ಚಿತ್ರ, ಎರಡೂ ರೂಪ ಸೇರಿ, ಸುಮಾರು 35 ಮೆಗಾಬೈಟು. ಆರು ಚಿತ್ರಕ್ಕೆ 210. ನಾಲ್ಕರಿಂದ ಭಾಗಿಸಿದರೆ 50 ಸೆಕೆಂಡಿಗೂ ಮೇಲೆ, ಅಷ್ಟರಲ್ಲಿ ಒಂದು ಮದುವೆ ಸಲೀಸಾಗಿ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಹೋಳಿಗೆ ಬಂದದ್ದರಿಂದ ಉಳಿದ ಪಾಠವನ್ನು ಅವನು ಎಲೆಯ ಮೇಲೆಯೇ ಮಾಡಿದ. ಕ್ಯಾಮೆರಾ ತೆಗೆದ ಚಿತ್ರ ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ. ಮೊದಲು ಬಫರ್ ಎಂಬ ಒಳಗಿನ ಚಿಕ್ಕ ಜಾಗಕ್ಕೆ ಬೀಳುತ್ತದೆ, ಕಾರ್ಡು ಅಲ್ಲಿಂದ ಎತ್ತಿಕೊಳ್ಳುತ್ತದೆ. ಬಫರ್ ಎಂದರೆ ಎಲೆ, ಕಾರ್ಡೆಂದರೆ ಉಣ್ಣುವವನು. ಒಂದೇ ಹೋಳಿಗೆ ಬಡಿಸಿದರೆ ಉಣ್ಣುವವನು ಚುರುಕೋ ನಿಧಾನವೋ ಬಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಎಲೆ ತುಂಬಿದ ಮೇಲೆ ಮಾತ್ರ ಅವನು ಹರಿವಾಣ ಹಿಡಿದು ಕಾಯುತ್ತ ನಿಲ್ಲಬೇಕು. ಇಷ್ಟು ಹೇಳುವುದರೊಳಗೆ ಅವನು ಮೂರು ಹೋಳಿಗೆ ಮುಗಿಸಿದ್ದ, ನನ್ನದು ಒಂದೂ ಆಗಿರಲಿಲ್ಲ. ಉಪಮೆ ಪೂರ್ತಿ ಮನದಟ್ಟಾಯಿತು.

ಬರೀ ಜೆಪೆಗ್‌ನಲ್ಲಿ ತೆಗೆದಿದ್ದರೆ ಖರ್ಚೇ ಇಲ್ಲದೆ ಜೀರಿಗೆ ಬೆಲ್ಲ ಸಿಕ್ಕಿರುತ್ತಿತ್ತೇನೋ. ಆದರೆ ಅವಮಾನಗೊಂಡ ಅಳಿಯ ಖರ್ಚಿಲ್ಲದ ಪರಿಹಾರಗಳನ್ನು ನಂಬುವುದಿಲ್ಲ. ಮಗಳ ಸೈಕಲ್ಲಿಗೆಂದು ಎತ್ತಿಟ್ಟಿದ್ದ ಹಣ ತೆಗೆದುಕೊಂಡು ಹೋಗಿ, ಹಿಂಬದಿಯಲ್ಲಿ ಎರಡು ಸಾಲು ಚಿನ್ನದ ಬಣ್ಣದ ಹಲ್ಲುಗಳಿದ್ದ ಯುಎಚ್‌ಎಸ್-2 ಕಾರ್ಡನ್ನು ತಂದೆ. ಆ ಬಗೆಯ ಕಾರ್ಡಿನ ದಾರಿಯಲ್ಲಿ ಸೆಕೆಂಡಿಗೆ 312 ಮೆಗಾಬೈಟಿನವರೆಗೆ ಸಾಗಬಹುದು. ನನ್ನ ಕ್ಯಾಮೆರಾಕ್ಕಾದರೋ ಮೊದಲನೆಯ ಸಾಲಿನ ಹಲ್ಲುಗಳ ಪರಿಚಯ ಮಾತ್ರವಿತ್ತು. ಅದು ಯುಎಚ್‌ಎಸ್-1 ಕಾಲದ್ದು, ಆ ದಾರಿಯ ಮಿತಿಯೇ 104. ವಿ30 ಎಂಬ ಗುರುತಿನ, ಅಂದರೆ ಸೆಕೆಂಡಿಗೆ 30 ಮೆಗಾಬೈಟಿಗೆ ಕಡಿಮೆಯಾಗದೆ ಬರೆಯುವ ಒಂದು ಸಾಧಾರಣ ಕಾರ್ಡು ನನ್ನ ಕೆಲಸಕ್ಕೆ ಧಾರಾಳವಾಗಿ ಸಾಕಾಗಿತ್ತು. ಕಾರ್ಡಿನ ಮುಖದ ಮೇಲೆ ದಪ್ಪಕ್ಷರದಲ್ಲಿರುವ ಸಂಖ್ಯೆ ಬಹುಮಟ್ಟಿಗೆ ಓದುವ ವೇಗದ್ದು, ಬರೆಯುವ ವೇಗದ್ದಲ್ಲ ಎಂಬುದೂ ರಸೀದಿ ಕಳೆದುಹೋದ ಮೇಲೆಯೇ ತಿಳಿದದ್ದು. ಓದುವ ವೇಗವನ್ನಾದರೂ ಸವಿಯೋಣವೆಂದು ಕಂಪ್ಯೂಟರಿಗೆ ಸಿಕ್ಕಿಸಿದರೆ, ಮನೆಯಲ್ಲಿದ್ದ ಹಳೆಯ ಯುಎಸ್‌ಬಿ 2.0 ರೀಡರು ಸೆಕೆಂಡಿಗೆ ಮೂವತ್ತು ಚಿಲ್ಲರೆ ಮೆಗಾಬೈಟಿಗೇ ಏದುಸಿರು ಬಿಟ್ಟಿತು.

ಮರುವರ್ಷ ನಾದಿನಿಯ ಮಗುವಿನ ನಾಮಕರಣಕ್ಕೆ ಆ ಕಾರ್ಡಿನೊಂದಿಗೆ, ಜೆಪೆಗ್ ಒಂದನ್ನೇ ಹೊಂದಿಸಿಕೊಂಡು ಹೋದೆ. ಹೆಸರು ಕೂಗುವ ಹೊತ್ತಿಗೆ ಗುಂಡಿ ಒತ್ತಿದವನು ಬಿಡಲೇ ಇಲ್ಲ. ಕ್ಯಾಮೆರಾ ಒಂದು ಸಲವೂ ತಡವರಿಸದೆ 63 ಚಿತ್ರಗಳನ್ನು ತೆಗೆಯಿತು. ಫೋಕಸ್ಸಿಗೂ ಕಾರ್ಡಿನ ವೇಗಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ವಿಡಿಯೋ ಹುಡುಗ ನನಗೆ ಹೇಳಿರಲಿಲ್ಲ. ಹೇಳಬೇಕಾದೀತೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಸಂಜೆ ಎಲ್ಲರೂ ಟಿವಿಯ ಮುಂದೆ ಕುಳಿತು ನೋಡಿದರು. ಅರವತ್ತಮೂರರಲ್ಲೂ ಮಗುವಿನ ಮುಖ ಮಂಜುಮಂಜಾಗಿದ್ದು, ತೊಟ್ಟಿಲಿಗೆ ಕಟ್ಟಿದ್ದ ಮರದ ಗಿಳಿಯ ಕೊಕ್ಕಿನ ಬಿರುಕು ಕೂಡ ಸ್ಪಷ್ಟವಾಗಿ ಮೂಡಿತ್ತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅತ್ತೆಯವರೇ, “ಗಿಳಿ ತುಂಬಾ ಚೆನ್ನಾಗಿ ಬಂದಿದೆ, ಅಳಿಯಂದಿರೇ” ಎಂದರು.